ಎಂಟು ಗುರುವಾರಗಳು

ಬಂದವರೆಲ್ಲ ಹೊರಟುಹೋಗಿ ಮನೆ ಮತ್ತೆ ಮನೆಯಂತಾದ ಮೊದಲ ದಿನ ಶುಕ್ರವಾರ. ಹಾಲಿನವನು ಬಂದ, ಪೇಪರು ಬಂತು. ನಾದಿನಿ ಲಾಂಡ್ರಿಯ ಕೆಲಸಕ್ಕೆ ಹೊತ್ತಾಯಿತೆಂದು ನಿಂತೇ ಬ್ರೆಡ್ಡು ತಿಂದು ಹೋದಳು. ಅತ್ತೆ ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ದಾರದಲ್ಲಿ ತೂಗುಹಾಕಿದ್ದ ಪೆನ್ಸಿಲು ತೆಗೆದು ಆ ದಿನದ ಚೌಕದಲ್ಲಿ ಐದು ಎಂದು ಬರೆದರು. ಒಲೆಯ ಕಡೆ ತಿರುಗಿದವರು ಎರಡು ಹೆಜ್ಜೆ ಹೋಗಿ ವಾಪಸು ಬಂದರು. ರಬ್ಬರು ಹುಡುಕಿದರು, ಸಿಗಲಿಲ್ಲ. ಉಗುರಿನಿಂದ ಕೆರೆದು, ಪಕ್ಕದಲ್ಲಿ ನಾಲ್ಕು ಎಂದು ಬರೆದರು.

ಅದು ರಾತ್ರಿ ಊಟಕ್ಕೆ ಎಷ್ಟು ತಟ್ಟೆ ಎಂಬ ಲೆಕ್ಕ. ಮೂವತ್ತೊಂದು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬರೆದುಕೊಂಡು ಬಂದಿದ್ದರು. ಹಳೆಯ ಕ್ಯಾಲೆಂಡರುಗಳೆಲ್ಲ ಸುರುಳಿ ಸುತ್ತಿ ಮಂಚದ ಕೆಳಗಿದ್ದವು. ಮಗ ಕಡಲಗಾಲುವೆಯ ಆಚೆ ಬದಿಯ ದೇಶದಲ್ಲಿ ಹಡಗಿನ ಯಾರ್ಡೊಂದರಲ್ಲಿ ವೆಲ್ಡರ್ ಆದ ಮೇಲೆ ಸೋಮವಾರದಿಂದ ಗುರುವಾರದವರೆಗೆ ನಾಲ್ಕು, ಶುಕ್ರ, ಶನಿ, ಭಾನುವಾರ ಐದು. ಜನವರಿಯ ಎರಡನೆಯ ವಾರ ಅವನು ಯಾರ್ಡಿನ ಅಟ್ಟಣಿಗೆಯಿಂದ ಬಿದ್ದು ಸತ್ತ. ಅವನನ್ನು ಲಾಂಚಿನಲ್ಲಿ ಕಳಿಸಿಕೊಟ್ಟ ಯಾರ್ಡಿನವರು ಅವನ ಚೀಲವನ್ನೂ ಜೊತೆಗೆ ಕಳಿಸಿದ್ದರು.

ಚೀಲವನ್ನು ಸೊಸೆ ಆ ಶುಕ್ರವಾರವೇ ಬಿಚ್ಚಿದಳು. ಮದುವೆಯಾಗಿ ನಾಲ್ಕು ವರ್ಷ, ವಯಸ್ಸು ಇಪ್ಪತ್ತೊಂಬತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಈಗ ಒಂದು ಶಾಲೆಯ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸಕ್ಕಿದ್ದಳು. ಅಳು ಬಂದಿರಲಿಲ್ಲ. ನಿದ್ದೆಯೂ ಬಂದಿರಲಿಲ್ಲ. ಚೀಲದಲ್ಲಿ ಎರಡು ಅಂಗಿ, ಸುಟ್ಟ ಕೈಗವಸು, ಲಾಂಚಿನ ಪಾಸು ಮತ್ತು ಒಂದು ಹಸಿರು ಫ್ಲಾಸ್ಕು ಇದ್ದವು. ಮನೆಯ ಫ್ಲಾಸ್ಕು ನೀಲಿ. ಇದರ ಹಿಡಿಗೆ ಡಾಂಬರು ವಾಸನೆಯ ಕಪ್ಪು ಹುರಿ ಸುತ್ತಿತ್ತು.

"ಜೊತೆ ಕೆಲಸ ಮಾಡೋರದ್ದಿರಬೇಕು. ತಗೊಂಡು ಬಂದಿದ್ದಾನೆ, ವಾಪಸು ಕೊಟ್ಟಿಲ್ಲ. ಯಾರಾದ್ರೂ ಕೇಳ್ಕೊಂಡು ಬರ್ತಾರೆ," ಎಂದು ಅತ್ತೆ ಅದನ್ನು ತೊಳೆದು ಕಪಾಟಿನ ಮೇಲಿಟ್ಟರು.

ಕ್ಯಾಲೆಂಡರಿನ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿತ್ತು. ಶುಕ್ರವಾರ ಅವನು ಬರುವಷ್ಟರಲ್ಲಿ ಎಲ್ಲರೂ ತಮಗೆ ಅವನಿಂದ ಆಗಬೇಕಾದ ಕೆಲಸ ಅದರಲ್ಲಿ ಬರೆದಿಡುವುದು ಆ ಮನೆಯ ರೂಢಿ. ಹಿತ್ತಿಲ ನಲ್ಲಿ ಸೋರುತ್ತಿದೆ ಎಂದು ಅತ್ತೆಯ ಅಕ್ಷರ, ಇಸ್ತ್ರಿಪೆಟ್ಟಿಗೆಯ ವೈರು ಎಂದು ನಾದಿನಿಯದು, ಕನ್ನಡಕದ ಸ್ಕ್ರೂ ಎಂದು ಮಾವನದು. ಕೊನೆಯಲ್ಲಿ, ಭಾನುವಾರ ನನ್ನ ಜೊತೆ ಪುಸ್ತಕದಂಗಡಿಗೆ, ಎಂದು ಅವಳದೇ ಅಕ್ಷರ. ಯಾರೂ ಅದನ್ನು ಕಿತ್ತುಹಾಕಲಿಲ್ಲ.

ಮೂರನೆಯ ವಾರ ತೆರಿಗೆ ಕಚೇರಿಯ ಕಾಗದ ಬಂತು. ಪ್ರತಿ ವರ್ಷ ಊಟದ ಮೇಜಿನ ಮೇಲೆ ಗಂಡಹೆಂಡಿರು ಕೂತು ತುಂಬುತ್ತಿದ್ದ ಫಾರಂ ಅದು. ಈ ಸಲ ಅದರ ಜೊತೆಗೆ ಇನ್ನೊಂದು ಹಾಳೆಯಿತ್ತು. ಯಾರ್ಡಿನವರು ಕೊಟ್ಟ ಹಾಜರಿಯ ಪ್ರಕಾರ ಹೋದ ವರ್ಷ ಅವನು ಈ ದೇಶದಲ್ಲಿ ಮಲಗಿದ್ದು ನೂರ ಎಪ್ಪತ್ತೇಳು ರಾತ್ರಿ. ನಿವಾಸಿ ಎನಿಸಿಕೊಳ್ಳಲು ನೂರ ಎಂಬತ್ತಮೂರು ಬೇಕು. ಆದ್ದರಿಂದ ಅವನು ಅನಿವಾಸಿ.

ಅವಳು ಊಟದ ಹೊತ್ತಿನಲ್ಲಿ ಅದನ್ನು ಓದಿ ಹೇಳಿದಳು. ಮಾವ ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ನಿಯಮ ಎಂದರೆ ಕಿವಿ ನಿಮಿರುತ್ತಿತ್ತು. ಹಿಂದಿನ ವರ್ಷಗಳಲ್ಲಿ ಇದೇಕೆ ಬರಲಿಲ್ಲ ಎಂದು ಕೇಳಿದರು. ಹಿಂದೆಲ್ಲ ಯಾರ್ಡು ಬೇಸಿಗೆಯಲ್ಲಿ ಒಂದೂವರೆ ತಿಂಗಳು ಮುಚ್ಚುತ್ತಿತ್ತು, ಹೋದ ವರ್ಷ ಕೆಲಸ ಮೈಮೇಲೆ ಬಿದ್ದು ರಜೆ ಕತ್ತರಿಸಿದರು ಎಂದು ಅವಳು ನೆನಪಿಸಿದಳು.

"ಆರು ರಾತ್ರಿ ಕಮ್ಮಿಯಾದ್ರೆ ಏನು ಮುಳುಗಿಹೋಗತ್ತೆ?" ಎಂದರು ಅತ್ತೆ.

ಅವಳು ಬ್ರೆಡ್ಡಿನ ತುಂಡುಗಳನ್ನು ಮೇಜಿನ ಮೇಲೆ ಇಟ್ಟು ತೋರಿಸಿದಳು. ನಿವಾಸಿಯಾದರೆ ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲಿಗೆ ಏನೂ ಇಲ್ಲ, ಅದರ ಮೇಲಿನದಕ್ಕೆ ಸ್ವಲ್ಪ, ಅದರ ಮೇಲಿನದಕ್ಕೆ ಇನ್ನಷ್ಟು. ಹೆಂಡತಿ, ಅವಲಂಬಿಸಿದ ತಂದೆ, ತಾಯಿ ಎಂದು ಒಬ್ಬೊಬ್ಬರಿಗೂ ಕೆಳಗಿನ ಮೆಟ್ಟಿಲು ಅಗಲವಾಗುತ್ತ ಹೋಗುತ್ತದೆ. ಅನಿವಾಸಿಗೆ ಮೆಟ್ಟಿಲೇ ಇಲ್ಲ. ಮೊದಲ ಕಾಸಿನಿಂದಲೇ ನಾಲ್ಕರಲ್ಲೊಂದು ಪಾಲು.

"ಅಂದ್ರೆ ನಾವು?"

"ಅನಿವಾಸಿಗೆ ಹೆಂಡ್ತಿ ಇಲ್ಲ, ಅಪ್ಪ ಅಮ್ಮ ಇಲ್ಲ ಅತ್ತೆ. ಲೆಕ್ಕದಲ್ಲಿ ಅವನೊಬ್ಬನೇ."

ಅತ್ತೆ ಬ್ರೆಡ್ಡಿನ ತುಂಡುಗಳನ್ನೆಲ್ಲ ಬಳಿದು ತಟ್ಟೆಗೆ ಹಾಕಿಕೊಂಡರು.

ಕಟ್ಟಬೇಕಾದ ಮೊತ್ತ ಯಾರ್ಡಿನವರು ಕೊಟ್ಟ ಪರಿಹಾರವನ್ನು ಪೂರ್ತಿ ನುಂಗುವಷ್ಟಿತ್ತು. ಮಾವನ ಪಿಂಚಣಿ, ನಾದಿನಿಯ ಸಂಬಳ, ಇವಳ ಅರ್ಧ ಸಂಬಳ ಮೂರೂ ಕೂಡಿದರೂ ಮನೆ ನಡೆಯುವುದು ಕಷ್ಟ. ಮಹಡಿಯ ಕೋಣೆ ಬಾಡಿಗೆಗೆ ಕೊಡುವುದೊಂದೇ ದಾರಿ ಎಂದು ಮಾವ ತಟ್ಟೆ ನೋಡಿಕೊಂಡು ಹೇಳಿದರು. ಅದು ಅವಳ ಕೋಣೆ. ಅವಳು ನಾದಿನಿಯ ಜೊತೆ ಮಲಗಲಿ ಎಂದರು ಅತ್ತೆ. ತನ್ನ ಕೋಣೆಯಲ್ಲಿ ಮಗ್ಗುಲು ಬದಲಿಸಬೇಕಾದರೆ ತಾನೇ ಎದ್ದು ಹೊರಗೆ ಹೋಗಿಬರಬೇಕು ಎಂದಳು ನಾದಿನಿ. ಸೊಸೆಯ ಅಣ್ಣನಿಂದ ಎರಡು ಕಾಗದ ಬಂದಿದ್ದವು. ಬಂದುಬಿಡು, ಇಲ್ಲಿ ಜಾಗವಿದೆ ಎಂದು. ಆ ಕಾಗದಗಳ ವಿಷಯ ಅವಳು ಮನೆಯಲ್ಲಿ ಎತ್ತಿರಲಿಲ್ಲ. ಅಂಚೆಯವನ ಕೈಯಿಂದ ಅವನ್ನು ತೆಗೆದುಕೊಂಡವರು ಅತ್ತೆಯೇ ಆದ್ದರಿಂದ ಎತ್ತುವ ಅಗತ್ಯವೂ ಇರಲಿಲ್ಲ.

ಮರುದಿನ ಅತ್ತೆ ಮಂಚದ ಕೆಳಗಿಂದ ಹೋದ ವರ್ಷದ ಕ್ಯಾಲೆಂಡರು ತೆಗೆದು ಮೇಜಿನ ಮೇಲೆ ಹರಡಿದರು. ಕಚೇರಿಯವರಿಗೆ ಎಣಿಸಲು ಬರುವುದಿಲ್ಲ, ತನಗೆ ಬರುತ್ತದೆ ಎಂದು ಒಂದೊಂದು ಐದರ ಮೇಲೂ ಬೆರಳಿಟ್ಟು ಎಣಿಸಿದರು. ನೂರ ಎಪ್ಪತ್ತೇಳು. ಇನ್ನೊಮ್ಮೆ ಎಣಿಸಿದರು. ಅಷ್ಟೇ.

"ನೋಡಿದ್ಯಾ? ಸರ್ಕಾರದ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ತಟ್ಟೆ ವ್ಯತ್ಯಾಸ ಇಲ್ಲ," ಎಂದರು. ಹೆಮ್ಮೆಯಿಂದ ಹೇಳಿದ ಮೇಲೆ ಅದರ ಅರ್ಥ ಹೊಳೆದು ಕ್ಯಾಲೆಂಡರಿನಿಂದ ಕೈ ತೆಗೆದರು.

ಮಾವ ಲಾಂಚಿನ ಪಾಸು ಕೇಳಿದರು. ಹೀಗೆ ಹೋಗಿಬರುವ ಕೆಲಸಗಾರರ ಪಾಸಿಗೆ ಮುದ್ರೆಯಿಲ್ಲ, ತೂತು ಮಾತ್ರ. ಹೋಗುವಾಗ ಮೇಲಿನ ಸಾಲಿನಲ್ಲಿ, ಬರುವಾಗ ಕೆಳಗಿನ ಸಾಲಿನಲ್ಲಿ, ಆಯಾ ತಾರೀಖಿನ ಮೇಲೆ. ಮಾವ ಪಾಸನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸ್ಕ್ರೂ ಇಲ್ಲದ ಕನ್ನಡಕವನ್ನು ಎಡಗೈಯಲ್ಲಿ ಮೂಗಿಗೆ ಒತ್ತಿಕೊಂಡು ಸಾಲು ಸಾಲಾಗಿ ನೋಡಿದರು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ನೋಡಿದರು.

"ಏನ್ರೀ?" ಎಂದರು ಅತ್ತೆ.

"ಸೆಪ್ಟೆಂಬರಿನಿಂದ ಎಂಟು ಸಲ ಗುರುವಾರವೇ ಈ ದಡಕ್ಕೆ ಬಂದಿದ್ದಾನೆ. ಸಂಜೆಯ ಲಾಂಚು."

ನಾದಿನಿ ಖುಷಿಯಿಂದ ಕೈ ತಟ್ಟಿದಳು. ನೂರ ಎಪ್ಪತ್ತೇಳಕ್ಕೆ ಎಂಟು ಕೂಡಿದರೆ ನೂರ ಎಂಬತ್ತೈದು, ಕೋಣೆ ಉಳಿಯಿತು ಎಂದಳು. ಬೇರೆ ಯಾರೂ ಕೈ ತಟ್ಟಲಿಲ್ಲ. ಅತ್ತೆಯ ಬೆರಳು ಕ್ಯಾಲೆಂಡರಿನ ಗುರುವಾರಗಳ ಮೇಲೆ ಇಳಿಯುತ್ತ ಹೋಯಿತು. ನಾಲ್ಕು, ನಾಲ್ಕು, ನಾಲ್ಕು. ಲಾಂಚು ನಿಲ್ಲುವ ಧಕ್ಕೆಯಿಂದ ಮನೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅವನು ಶುಕ್ರವಾರ ಸಂಜೆ ಏಳಕ್ಕೆ ಬಾಗಿಲು ತಟ್ಟುತ್ತಿದ್ದ. ಈಗಷ್ಟೇ ಲಾಂಚಿಳಿದು ಬಂದೆ ಎನ್ನುತ್ತಿದ್ದ.

ಅತ್ತೆ ಎದ್ದು ಕಪಾಟಿನ ಮೇಲಿನ ಹಸಿರು ಫ್ಲಾಸ್ಕನ್ನು ಕೆಳಗಿಳಿಸಿದರು. ಅದರ ಹಿಡಿಯ ಹುರಿಯನ್ನು ತರಕಾರಿ ಹೆಚ್ಚುವ ಚಾಕುವಿನಿಂದ ಕತ್ತರಿಸಿ ಕಸದ ಡಬ್ಬಿಗೆ ಎಸೆದರು. ಫ್ಲಾಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎಸೆಯುವುದಾದರೆ ಫ್ಲಾಸ್ಕನ್ನೇ ಎಸೆಯಬಹುದಿತ್ತಲ್ಲ ಎಂದಳು ನಾದಿನಿ. ಬೇರೆಯವರ ವಸ್ತು ಎಸೆಯುವ ಮನೆತನ ನಮ್ಮದಲ್ಲ ಎಂಬ ಉತ್ತರ ಬಂತು.

ಫಾರಮ್ಮಿನ ಹಿಂಬದಿಯಲ್ಲಿ ನಿಯಮ ಸ್ಪಷ್ಟವಾಗಿತ್ತು. ಹೆಚ್ಚುವರಿಯಾಗಿ ತೋರಿಸುವ ಪ್ರತಿ ರಾತ್ರಿಗೂ ಮಲಗಿದ ಮನೆಯ ವಿಳಾಸ, ಆ ಮನೆಯವರ ಸಹಿ. ನಾದಿನಿಗೆ ಅದು ದೊಡ್ಡ ವಿಷಯವೇ ಅಲ್ಲ. ಅಮ್ಮ ಆ ಎಂಟು ನಾಲ್ಕನ್ನು ಐದು ಮಾಡಿಬಿಡಲಿ, ಪೆನ್ಸಿಲ್ಲಿನದ್ದು ತಾನೆ, ನಮ್ಮದೇ ವಿಳಾಸ, ಅಪ್ಪನದೇ ಸಹಿ, ಯಾರು ಕೇಳುತ್ತಾರೆ ಎಂದಳು.

"ಉಣ್ಣದವನಿಗೆ ನಾನು ತಟ್ಟೆ ಬರೆಯಲ್ಲ," ಎಂದರು ಅತ್ತೆ.

"ಹಾಗಾದ್ರೆ ಅಣ್ಣ ಎಲ್ಲಿದ್ದ ಅಂತ ಹುಡುಕಿ ಬರೀರಿ."

"ಅದನ್ನೂ ಬರೆಯಲ್ಲ. ನನ್ನ ಮಗನಿಗೆ ಇನ್ನೊಂದು ಮನೆ ಇತ್ತು ಅಂತ ಸರ್ಕಾರದ ಕಾಗದದ ಮೇಲೆ ಬರೆದು, ಸಹಿ ಹಾಕಿಸಿಕೊಂಡು ಬರಬೇಕಾ? ತೆರಿಗೆ ಕಟ್ಟೋಣ. ಕೋಣೆ ಹೋದ್ರೆ ಹೋಗಲಿ."

"ನಿಮ್ಮ ಕೋಣೆ ಅಲ್ವಲ್ಲ ಹೋಗೋದು," ಎಂದಳು ನಾದಿನಿ. ಅತ್ತಿಗೆಯ ಮುಖ ನೋಡದೆಯೇ ಅವಳ ಪರವಾಗಿ ಮಾತಾಡುವುದು ಅವಳ ಅಭ್ಯಾಸ. ಅವತ್ತು ಅಮ್ಮ ಮಗಳು ಮಾತು ಬಿಟ್ಟರು. ಉಪ್ಪಿನ ಡಬ್ಬಿ ಬೇಕಾದರೂ ಮಾವನ ಮೂಲಕವೇ ಕೇಳಬೇಕಾಯಿತು. ಎರಡು ದಿನ ಹಾಗೆ ಉಪ್ಪು ದಾಟಿಸಿದ ಮಾವ ಮೂರನೆಯ ದಿನ ಡಬ್ಬಿಯನ್ನು ಮೇಜಿನ ನಟ್ಟನಡುವೆ ಇಟ್ಟು, ಇನ್ನು ತಾನು ಈ ರೂಟಿನಲ್ಲಿ ಓಡುವುದಿಲ್ಲ ಎಂದರು.

ಸೊಸೆ ಅಷ್ಟರಲ್ಲಿ ಕಸದ ಡಬ್ಬಿಯಿಂದ ಹುರಿಯನ್ನು ಹೆಕ್ಕಿ ಒರೆಸಿ ಇಟ್ಟುಕೊಂಡಿದ್ದಳು. ಏಕೆಂದು ಕೇಳಿದ್ದರೆ ಹೇಳಲು ಅವಳಿಗೂ ಬರುತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಯಾರಿರಬಹುದು ಎಂದು ಅವಳೂ ಯೋಚಿಸಿದ್ದಳು. ಮನಸ್ಸಿನಲ್ಲಿ ಯಾವ ಮುಖವೂ ಮೂಡಲಿಲ್ಲ, ಸಿಟ್ಟೂ ಬರಲಿಲ್ಲ. ಒಂದು ಸಂಜೆ ಮಾವನ ಜೊತೆ ಆಲೂಗಡ್ಡೆ ತರಲು ಹೋದಾಗ ಹುರಿಯನ್ನು ತೋರಿಸಿದಳು. ಅವರು ಮೂಸಿ ನೋಡಿದರು. ಬಲೆ ರಿಪೇರಿ ಮಾಡುವವರ ಹುರಿ ಇದು, ಈ ಗಂಟನ್ನು ಅವರಲ್ಲದೆ ಬೇರೆ ಯಾರೂ ಹಾಕುವುದಿಲ್ಲ, ಧಕ್ಕೆಯ ರೂಟಿನಲ್ಲಿದ್ದಾಗ ನೋಡಿದ್ದೇನೆ ಎಂದರು. ಸ್ವಲ್ಪ ದೂರ ನಡೆದ ಮೇಲೆ ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ನೇರ ಬಸ್ಸಿದೆ ಎಂದೂ ಹೇಳಿದರು.

ಶನಿವಾರ ಅವಳು ಫಾರಂ ಮಡಚಿಕೊಂಡು ಹೋದಳು.

ಧಕ್ಕೆಯಲ್ಲಿ ಮಂಜುಗಡ್ಡೆಯ ಗಾಡಿಗಳು, ತಲೆಕೆಳಗಾಗಿಸಿದ ದೋಣಿಗಳು, ಗೋಡೆಯುದ್ದಕ್ಕೂ ಒಣಹಾಕಿದ ಬಲೆಗಳು. ಬಲೆಯವರು ಎಲ್ಲಿ ಎಂದು ಕೇಳಿದವರೆಲ್ಲ ಉಗ್ರಾಣಗಳ ಹಿಂದಿನ ಓಣಿ ತೋರಿಸಿದರು. ಅಲ್ಲಿ ಏಳೆಂಟು ಅಟ್ಟದ ಮನೆಗಳಿದ್ದವು, ಎಲ್ಲಕ್ಕೂ ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಮೂರನೆಯ ಮನೆಯ ಮೆಟ್ಟಿಲಿನ ಹತ್ತಿರ ಅವಳು ನಿಂತಳು. ತುಕ್ಕು ಹಿಡಿದ ಕಂಬಿಗಳ ನಡುವೆ ಬೆಸುಗೆ ಹೊಸದಾಗಿತ್ತು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು, ಒಂದೇ ಅಳತೆ, ಕೊನೆಯಲ್ಲಿ ಸಣ್ಣ ಬಾಲ. ಅವನು ಬೆಸೆದಿದ್ದ ಮನೆಯ ಗೇಟಿನಲ್ಲೂ ಇದೇ ಬಾಲವಿತ್ತು. ಬೆರಳಿನಿಂದ ಅದನ್ನು ಸವರಿ, ಮೆಟ್ಟಿಲು ಹತ್ತಿದಳು.

ಮೇಲೆ ಎಪ್ಪತ್ತರ ಹತ್ತಿರದ ಮುದುಕಿಯೊಬ್ಬಳು ಕಾಲಿನ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದಳು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ವೆಲ್ಡರನ ಹೆಂಡ್ತಿ ತಾನೇ? ಲಾಂಚಿನವರು ಸುದ್ದಿ ಹೇಳಿದ್ರು. ಕೂತ್ಕೋ ಮಗಳೇ. ಬಲೆ ತುಳೀಬೇಡ."

ಅವಳು ಕೂತಳು. ಕಿಟಕಿಯ ಕೆಳಗೆ ಒಂದು ಮಂಚ, ಮಡಚಿಟ್ಟ ಕಂಬಳಿ. ಗೋಡೆಯಲ್ಲಿ ಒಂದು ಮೊಳೆ, ಅದಕ್ಕೇನೂ ತೂಗುಹಾಕಿರಲಿಲ್ಲ.

"ಗುರುವಾರ ಇಲ್ಲಿಗೆ ಬರ್ತಿದ್ರಾ?"

"ಬರ್ತಿದ್ದ."

"ಬಂದು ಏನು ಮಾಡ್ತಿದ್ರು?"

"ಮಲಗ್ತಿದ್ದ."

"ಆಮೇಲೆ?"

"ಆಮೇಲೂ ಮಲಗ್ತಿದ್ದ. ಬೆಳಿಗ್ಗೆ ಎದ್ದು ಒಂದು ಲೋಟ ಟೀ ಕುಡಿದು ಮತ್ತೆ ಮಲಗ್ತಿದ್ದ. ನಮ್ಮನೆ ಬೆಕ್ಕೂ ಅಷ್ಟು ಮಲಗಲ್ಲ."

ಮೊದಲ ಸಲ ಒಂದು ದಿನ ಮುಂಚೆಯೇ ಮನೆಗೆ ಹೊರಟಿದ್ದಾಗ ಗಾಳಿಯೆದ್ದು ಲಾಂಚು ತಡವಾಗಿ ಕೊನೆಯ ಬಸ್ಸು ತಪ್ಪಿತ್ತಂತೆ. ಧಕ್ಕೆಯ ಮೇಲೆ ನೆನೆಯುತ್ತ ನಿಂತಿದ್ದವನನ್ನು ಮುದುಕಿಯೇ ಕರೆದಳು. ಅವತ್ತು ಮರುದಿನ ಮಧ್ಯಾಹ್ನದವರೆಗೂ ನಿದ್ದೆ ಹೋದ. ಮುಂದಿನ ಗುರುವಾರಗಳಿಗೆ ಗಾಳಿ ಬೇಕಾಗಲಿಲ್ಲ. ಯಾರ್ಡಿನಲ್ಲಿ ಮೇಸ್ತ್ರಿಯನ್ನು ಹೇಗೋ ಒಪ್ಪಿಸಿ ಶುಕ್ರವಾರದ ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ, ಹಾಜರಿ ಪುಸ್ತಕದಲ್ಲಿ ಅದು ಇವನ ಹೆಸರಲ್ಲೇ ಇರುತ್ತಿತ್ತು. ಬಾಡಿಗೆ ಕೊಡಲು ಬಂದ, ಮುದುಕಿ ತೆಗೆದುಕೊಳ್ಳಲಿಲ್ಲ, ಅದಕ್ಕೆ ಮೆಟ್ಟಿಲು ಬೆಸೆದುಕೊಟ್ಟ. ಫ್ಲಾಸ್ಕು ಕೊನೆಯ ಸಲ ಹೋಗುವಾಗ ಬಸ್ಸಿನಲ್ಲಿ ಕುಡಿಯಲು ತುಂಬಿಕೊಟ್ಟಿದ್ದು.

"ಮನೆಗೆ ಯಾಕೆ ಬರ್ತಿರ್ಲಿಲ್ಲ?" ಎಂದು ಅವಳು ಕೇಳಿದಳು. ಇದನ್ನು ಕೇಳಲೆಂದೇ ಬಂದಿದ್ದಳೆಂದು ಕೇಳಿದ ಮೇಲೆ ತಿಳಿಯಿತು.

ಮುದುಕಿ ಹೆಬ್ಬೆರಳಿನಿಂದ ಬಲೆ ಬಿಡಿಸಿಕೊಂಡಳು. "ಬೈದು ಏನೂ ಹೇಳ್ತಿರ್ಲಿಲ್ಲ. ಮನೇಲಿ ಒಂದು ಚೀಟಿ ಇರತ್ತೆ ಅಂತಿದ್ದ. ಚೀಟಿ ಮುಗಿಸಿದ ಮೇಲೆ ಮಾತು ಇರತ್ತೆ, ವಾರದ್ದೆಲ್ಲ ಕೂಡಿಟ್ಟುಕೊಂಡಿರ್ತಾರೆ, ಎಲ್ಲಾ ನನ್ನ ಮೇಲಿನ ಪ್ರೀತಿಗೇ ಅಂತಿದ್ದ. ಆಮೇಲೆ ಗೋಡೆ ಕಡೆ ತಿರುಗಿ ಮಲಗ್ತಿದ್ದ."

ವಾರದ ಮಾತೆಲ್ಲ ಕೂಡಿಟ್ಟುಕೊಳ್ಳುತ್ತಿದ್ದವಳು ಅವಳು. ಓದಿದ್ದು, ಲೈಬ್ರರಿಯಲ್ಲಿ ನಡೆದದ್ದು, ಅತ್ತೆ ಅಂದದ್ದು. ಶುಕ್ರವಾರ ಹಾಸಿಗೆಗೆ ಬೆನ್ನು ತಗಲಿದ ಕೂಡಲೆ ಶುರುಮಾಡುತ್ತಿದ್ದಳು.

ಅವಳು ಫಾರಂ ತೆಗೆದಳು. ಮುದುಕಿ ಕೈ ಹಿಂದೆಳೆದುಕೊಂಡಳು. ಒಂಟಿ ಹೆಂಗಸು, ವಯಸ್ಸಾದವಳು ಎಂದು ತನಗೆ ತೆರಿಗೆ ಇಲ್ಲ, ಮನೆಯಲ್ಲಿ ಇನ್ನೊಬ್ಬರನ್ನು ಇಟ್ಟುಕೊಂಡಿದ್ದೆ ಎಂದು ತಾನೇ ಸಹಿ ಹಾಕಿದರೆ ಅದೂ ಹೋದೀತು ಎಂದಳು. ಅವಳು ಸೂಚನೆಯ ಹಾಳೆಯನ್ನು ಸಾಲು ಸಾಲಾಗಿ ಓದಿ ಹೇಳಿದಳು. ಬಾಡಿಗೆ ತೆಗೆದುಕೊಳ್ಳದಿದ್ದರೆ ಬಂದವನು ಅತಿಥಿ. ಅತಿಥಿಯಿಂದ ಆ ಮನೆಯವರ ದರ ಬದಲಾಗುವುದಿಲ್ಲ. ಮುದುಕಿ ಆ ಸಾಲನ್ನು ಎರಡನೆಯ ಸಲ ಓದಿಸಿದಳು, ಮೂರನೆಯ ಸಲವೂ ಓದಿಸಿದಳು. ಆಮೇಲೆ ಎಂಟು ಕಡೆ ಸಹಿ ಹಾಕಿದಳು. ಒಂದೊಂದು ಸಹಿಯೂ ಬೇರೆ ಬೇರೆಯಾಗಿ ಬಂತು.

"ನನ್ನ ಫ್ಲಾಸ್ಕು?"

"ಅತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ."

"ಅಷ್ಟು ಬೆಲೆಬಾಳೋದು ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡು."

ಆ ರಾತ್ರಿ ಊಟದ ಮೇಜಿನಲ್ಲಿ ಅವಳು ಎಲ್ಲ ಹೇಳಿದಳು. ಮುದುಕಿಯ ವಯಸ್ಸು ಕೇಳಿದ ಕೂಡಲೆ ಅತ್ತೆ ಆಲೂಗಡ್ಡೆ ಇನ್ನೆರಡು ಬಡಿಸಿಕೊಂಡರು. ಚೀಟಿಯ ಮಾತು ಬಂದಾಗ ಚಮಚ ಕೆಳಗಿಟ್ಟರು. ಅವಳು ಅದನ್ನು ಬಿಟ್ಟು ಹೇಳಬಹುದಿತ್ತು. ತನ್ನ ಕೂಡಿಟ್ಟ ಮಾತುಗಳ ವಿಷಯವನ್ನೂ ಸೇರಿಸಿಯೇ ಹೇಳಿದಳು.

"ನಮ್ಮನೇಲಿ ಹಾಸಿಗೆ ಇರ್ಲಿಲ್ವಾ?" ಎಂದರು ಅತ್ತೆ.

ಮಾವ ನೀರಿನ ಲೋಟ ಅವರ ಮುಂದಿಟ್ಟರು.

"ಬೇರೆ ಹೆಂಗಸೇ ಆಗಿದ್ದಿದ್ರೆ ವಾಸಿಯಿತ್ತು. ಅವಳನ್ನಾದ್ರೂ ಬೈಬಹುದಿತ್ತು." ತಟ್ಟೆ ಪಕ್ಕಕ್ಕೆ ಸರಿಸಿ, "ಆ ಫಾರಂ ಕಳಿಸಬೇಡ," ಎಂದರು ಅತ್ತೆ.

"ಕಳಿಸ್ತೀನಿ ಅತ್ತೆ. ಕಳಿಸದೇ ಇದ್ರೆ ಅವರಿಗೆ ಯಾರೂ ಇರ್ಲಿಲ್ಲ ಅಂತ ಆಗತ್ತೆ. ಇದ್ವಲ್ಲ ನಾವು. ಜಾಸ್ತಿಯೇ ಇದ್ವಿ."

ಅತ್ತೆ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ಆ ಮೂರು ದಿನದಲ್ಲಿ ನಾದಿನಿ ವೈರು ಬದಲಿಸಿಕೊಂಡಳು, ಮಾವ ಸ್ಕ್ರೂ ಹಾಕಿಸಿಕೊಂಡು ಬಂದರು. ಹಿತ್ತಿಲ ನಲ್ಲಿ ಸೋರುತ್ತಲೇ ಇತ್ತು. ಅತ್ತೆ ಅದರ ಕೆಳಗೆ ಬಕೆಟ್ಟಿಟ್ಟು, ತುಂಬಿದಾಗ ಗಿಡಕ್ಕೆ ಸುರಿಯುತ್ತಿದ್ದರು. ನಾಲ್ಕನೆಯ ಬೆಳಿಗ್ಗೆ ಅವಳು ಅಂಚೆಗೆ ಹೊರಟಾಗ ಹೋದ ವರ್ಷದ ಕ್ಯಾಲೆಂಡರನ್ನು ಸುರುಳಿ ಸುತ್ತಿ, ಅಂಗಡಿಯ ಬಿಳಿ ದಾರ ಕಟ್ಟಿ ಮುಂದೆ ಹಿಡಿದರು.

"ಇದನ್ನೂ ಇಡು. ಗುರುವಾರ ಮನೇಲಿ ಇರ್ಲಿಲ್ಲ ಅನ್ನೋದಕ್ಕೂ ಸಾಕ್ಷಿ ಬೇಕಲ್ಲ. ಮತ್ತೆ ವಾಪಸು ಕಳಿಸಬೇಕು ಅಂತ ಬರಿ."

ಉತ್ತರ ಬರಲು ಐದು ವಾರವಾಯಿತು. ಕ್ಯಾಲೆಂಡರೂ ಜೊತೆಗಿತ್ತು, ಒಂದು ಮೂಲೆ ಮಡಚಿತ್ತು. ಅತ್ತೆ ಮೊದಲು ಅದನ್ನು ಇಸ್ತ್ರಿಪೆಟ್ಟಿಗೆಯಿಂದ ಸರಿಮಾಡಿದ ಮೇಲೆಯೇ ಕಾಗದ ಓದಲು ಹೇಳಿದರು. ಮೃತರು ನಿವಾಸಿ. ವಿವಾಹಿತ, ಮೂವರು ಅವಲಂಬಿತರು. ಕಟ್ಟಬೇಕಾದ್ದೇನೂ ಇಲ್ಲ, ಸಂಬಳದಿಂದ ಮುರಿದುಕೊಂಡದ್ದರಲ್ಲೇ ಸ್ವಲ್ಪ ವಾಪಸು ಬರುತ್ತದೆ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ವಿಧವೆಯು ಗಂಡನ ಅವಲಂಬಿತರೊಂದಿಗೆ ಒಂದೇ ಮನೆಯಲ್ಲಿದ್ದಲ್ಲಿ ಮುಂದಿನ ಎರಡು ವರ್ಷ ಅವಳ ಸಂಬಳಕ್ಕೂ ಕುಟುಂಬದ ದರವೇ ಅನ್ವಯ.

"ಅಂದ್ರೆ ನೀನು ಎರಡು ವರ್ಷ ಇಲ್ಲೇ ಇರಬೇಕು ಅಂತ ಕಾನೂನಾ?"

"ಇರಬೇಕು ಅಂತಿಲ್ಲ. ಇದ್ರೆ ಈ ದರ ಅಂತ, ಅಷ್ಟೇ."

ಅತ್ತೆ ಇದನ್ನು ತಲೆಗೆ ಹಾಕಿಕೊಂಡು ಒಳಗೆ ಹೋದರು. ಬೀರು ತೆರೆದ ಸದ್ದಾಯಿತು. ಹಸಿರು ಫ್ಲಾಸ್ಕನ್ನು ತಂದು ಮೇಜಿನ ಮೇಲಿಟ್ಟರು.

ಶನಿವಾರ ಬೆಳಿಗ್ಗೆ ಅವಳು ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡಾಗ ಅತ್ತೆ ಕ್ಯಾಲೆಂಡರಿನ ಮುಂದೆ ಪೆನ್ಸಿಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಚೀಟಿ ಅಂಟಿಸಿದ್ದ ಜಾಗ ಖಾಲಿಯಿತ್ತು.

"ರಾತ್ರಿಗೆ ಎಷ್ಟು ಅಂತ ಬರೀಲಿ?" ಎಂದು ಗೋಡೆಗೇ ಕೇಳಿದರು.

"ನಾಲ್ಕು ಬರೀರಿ ಅತ್ತೆ."

ಅಟ್ಟದಲ್ಲಿ ಮುದುಕಿ ಫ್ಲಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಿಡಿಗೆ ಕಪ್ಪು ಹುರಿಯ ಬದಲು ಅಂಗಡಿಯ ಬಿಳಿ ದಾರ ಒತ್ತೊತ್ತಾಗಿ ಸುತ್ತಿತ್ತು, ಕೊನೆಯಲ್ಲಿ ಪೊಟ್ಟಣಕ್ಕೆ ಹಾಕುವಂಥ ಗಂಟು.

"ಯಾರು ಕಟ್ಟಿದ್ದು ಇದನ್ನ?"

"ನಮ್ಮ ಅತ್ತೆ."

"ಗಂಟು ತಪ್ಪು." ಎಳೆದು ನೋಡಿದಳು. "ಬಿಗಿಯಾಗೇನೋ ಇದೆ. ಇರಲಿ."

ಅವಳಿಗೆ ಇನ್ನು ಅಲ್ಲಿ ಕೆಲಸವಿರಲಿಲ್ಲ. ಆದರೂ ಏಳಲಿಲ್ಲ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಅರ್ಧದವರೆಗೆ ಬಂದಿತ್ತು, ಕಂಬಳಿ ಮಡಚಿದ ಹಾಗೇ ಇತ್ತು. ಮುದುಕಿ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿದಳು, ಮಂಚ ನೋಡಿದಳು, ಮತ್ತೆ ಬಲೆಗೆ ಕೈ ಹಾಕಿದಳು.

"ಕೊನೇ ಬಸ್ಸು ಎಷ್ಟು ಹೊತ್ತಿಗೆ?"

"ಐದಕ್ಕೊಂದಿದೆ. ಆಮೇಲೆ ಏಳಕ್ಕೆ."

"ಐದರದ್ದಕ್ಕೆ ಎಬ್ಬಿಸ್ತೀರಾ?" ಎಂದಳು ಅವಳು ಚಪ್ಪಲಿ ಬಿಡುತ್ತ. "ನಾಲ್ಕು ಅಂತ ಬರೆದಾಗಿದೆ."

ಮುದುಕಿ ಎದ್ದು ಫ್ಲಾಸ್ಕನ್ನು ಮೊಳೆಗೆ ತೂಗುಹಾಕಿ ಬರುವಷ್ಟರಲ್ಲಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.